ಸಂದು

ನಲವತ್ತೆಂಟರಲ್ಲಿ ಒಂದು ಪಾಲು.
ಪೆಟ್ಟಿಗೆಯ ಮೇಲೆ ಉರಿವ ಮೋಡ, ಬೀಳುತ್ತಿರುವ ಯಾರೋ;
ಒಳಗೆ ಬೂದು ಪ್ಲಾಸ್ಟಿಕ್ಕಿನ ನಾಲ್ಕು ಚೌಕಟ್ಟು,
ರೆಕ್ಕೆ, ಚಕ್ರ, ಕುರ್ಚಿ, ಬೆರಳುಗುರಿನಷ್ಟು ಎಂಜಿನ್ ಬಾಯಿ
ಒಂದೊಂದೂ ತನ್ನ ನಂಬರು ಹೊತ್ತು
ಕೊಯ್ಯದ ಕಾಯಿಗಳ ಹಾಗೆ.

ಪಿಲ್ಸೆನ್ನಿನಲ್ಲಿ ಮೂವತ್ತೆಂಟು ವರ್ಷ ಹಲ್ಲು ಕಟ್ಟಿದವನು ನಾನು.
ಮೇಣದ ಚಾಕು, ಸಣ್ಣ ಅರ, ಬಾಯಿಗನ್ನಡಿ:
ನಿವೃತ್ತಿಯಾದದ್ದು ನಾನು, ಅವಲ್ಲ.
ಈಗ ಅಡುಗೆಮನೆಯ ಮೇಜಿನ ಮೇಲೆ
ಜೆಟ್ಟಿಗೆ ಆ ಎನ್ನಿಸಿ ಬಗ್ಗಿ ನೋಡುತ್ತೇನೆ.

ಒಡಲಿನ ಎಡಹೋಳು ಬಲಹೋಳು
ರಬ್ಬರ್ ಬ್ಯಾಂಡಿನ ಕಟ್ಟಿನಲ್ಲಿ ಒಂದು ರಾತ್ರಿ ಮಲಗಿದವು.
ಬೆಳಿಗ್ಗೆ ಬೆನ್ನುದ್ದಕ್ಕೂ ಸಂದು.
ಕೂದಲೆಳೆಯಷ್ಟೇ. ಆದರೂ ಸಂದು ಸಂದೇ.
ಪುಟ್ಟಿ ತುಂಬಿದೆ. ಉಪ್ಪುಕಾಗದ ನೀರಲ್ಲದ್ದಿ ತಿಕ್ಕಿದೆ,
ಉಗುರಾಡಿಸಿ ನೋಡಿದೆ, ಮತ್ತೆ ತಿಕ್ಕಿದೆ.
ಕಣ್ಣು ಸುಳ್ಳು ಹೇಳುತ್ತದೆ, ಉಗುರು ಹೇಳುವುದಿಲ್ಲ.

ಇದು ವ್ಲಾಸ್ತಾ ಚಿಕ್ಕಮ್ಮನ ಮಾತು.

ಇಪ್ಪತ್ತನಾಲ್ಕನೆಯ ಇಸವಿಯವಳು. ಆ ವರ್ಷ ಹುಟ್ಟಿದವರಿಗೆ
ಒಂದೇ ಬಗೆಯ ಚೀಟಿ ಬಂತು, ಒಂದೇ ಬಗೆಯ ರೈಲು.
ಜರ್ಮನರ ಯಾವುದೋ ಗುಡ್ಡದ ಹೊಟ್ಟೆಯಲ್ಲಿ ಸುರಂಗ,
ಹಗಲಿಗೂ ಇರುಳಿಗೂ ಅದೇ ದೀಪ,
ಸಾಲಾಗಿ ನಿಂತ ಇದೇ ವಿಮಾನ, ಇನ್ನೂ ಬಣ್ಣ ಕಾಣದ್ದು.
ಅವಳ ಪಾಲಿಗೆ ಬಂದದ್ದು ಸಂದು ತುಂಬುವ ಕೆಲಸ.
ತಗಡಿಗೆ ತಗಡು ಕೂಡುವಲ್ಲೆಲ್ಲ ಬೂದುಹಸಿರು ಲೇಪ,
ಆಮೇಲೆ ಉಪ್ಪುಕಾಗದ, ಆಮೇಲೆ ಉಗುರು.
ಗಾಳಿ ಎಲ್ಲೂ ಎಡವಬಾರದು ಎನ್ನುತ್ತಿದ್ದನಂತೆ ಮೇಸ್ತ್ರಿ.
ಯುದ್ಧ ಮುಗಿದು ಊರಿಗೆ ಬಂದು
ಮರಳಿ ಬಂದವರ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಿದರೆ
ಬರೀ ಮಸಿ, ಗೆರೆಯೇ ಇಲ್ಲ.
ಗುಮಾಸ್ತ ಮೂರು ಸಲ ಒತ್ತಿಸಿದ.
ಅಲ್ಲೂ ಸಂದು ಮುಚ್ಚಿಬಿಟ್ಟಿದ್ದೆ, ಎಂದು ನಗುತ್ತಿದ್ದಳು.

ಒಮ್ಮೆ, ಆಲೂಗಡ್ಡೆ ಸುಲಿಯುತ್ತ, ಹೇಳಿದಳು:
ಯಾರೂ ನೋಡದಾಗ ಲೇಪಕ್ಕೆ ಉಗುಳು ಬೆರೆಸುತ್ತಿದ್ದೆ.
ಏನಾಯಿತು ಆಮೇಲೆ?
ಏನೂ ಆಗಲಿಲ್ಲ. ಚೆನ್ನಾಗಿಯೇ ಹಿಡಿಯಿತು.

ಈ ಜಾತಿಯ ವಿಮಾನಕ್ಕೆ ಮೂಗಿನಲ್ಲಿ ಭಾರ ಬೇಕು,
ಇಲ್ಲವೆಂದರೆ ಹಟದ ಮಗುವಿನಂತೆ ಹಿಂದಕ್ಕೆ ಕುಕ್ಕರಿಸುತ್ತದೆ.
ಅವಳ ಹಳೆಯ ಪರದೆಯ ಅಂಚು ಬಿಚ್ಚಿದೆ.
ಒಳಗೆ ಅವಳೇ ಹೊಲಿದಿಟ್ಟ ಸೀಸದ ಗುಂಡು,
ಕಿಟಕಿ ತೆರೆದಿದ್ದರೂ ಬಟ್ಟೆ ಹಾರದಿರಲೆಂದು.
ಐದು ಸಾಕಾದವು. ಉಳಿದವನ್ನು ಮತ್ತೆ ಹೊಲಿದೆ, ಅಂಕುಡೊಂಕಾಗಿ.

ಬಾಲಕ್ಕೆ ಅಂಟಿಸುವ ಗುರುತನ್ನು ಕಾನೂನಿಗಂಜಿ
ಎರಡು ಹೋಳಾಗಿ ಅಚ್ಚು ಹಾಕಿದ್ದಾರೆ, ಕೂಡಿಸುವ ಪಾಪ ನಮ್ಮದು.
ಹಾಳೆಯಲ್ಲೇ ಇರಲಿ ಹೋಳು ಹೋಳಾಗಿ.
ಹಸಿರು, ಕಂದು, ಮಂಜುನೀಲಿ, ಮೂರು ಸೀಸೆ ತಂದಿದ್ದೆ;
ಮುಚ್ಚಳ ತೆಗೆಯಲಿಲ್ಲ.
ಬರೀ ಲೋಹದ ಬಣ್ಣ ಬಳಿದು
ಅತಿ ಸಣ್ಣ ಕುಂಚದಲ್ಲಿ, ಉಸಿರು ಹಿಡಿದು,
ಮೂರು ವಾರ ಅಳಿಸಿದ್ದನ್ನೆಲ್ಲ ಮತ್ತೆ ಬರೆದೆ:
ಸಂದು ಸಂದಿಗೂ ಬೂದುಹಸಿರು ಪಟ್ಟಿ.

ನವೆಂಬರಿನ ಸ್ಪರ್ಧೆ. ಶಾಲೆಯ ವ್ಯಾಯಾಮದ ಕೋಣೆ.
ತೀರ್ಪುಗಾರ ಜೆಲೆಂಕಾ ಟಾರ್ಚು ಹಿಡಿದು ಬಗ್ಗಿದರು.
ಕೈ ಶುದ್ಧವಾಗಿದೆ, ಆದರೆ ಮುಗಿಸಿಲ್ಲ ನೀವು,
ಸಂದೆಲ್ಲ ಎದ್ದು ಕಾಣುತ್ತಿದೆ.
ಉಗುರಾಡಿಸಿ ನೋಡಿ, ಎಂದೆ.
ಮುಟ್ಟಬಾರದೆಂಬ ನಿಯಮ ಬರೆದವರೇ ಅವರು.
ಅತ್ತಿತ್ತ ನೋಡಿ, ಮೂಗಿನಿಂದ ಬಾಲದವರೆಗೆ
ಮೆಲ್ಲಗೆ ಒಮ್ಮೆ ಎಳೆದರು.
ಎಲ್ಲೂ ತಡೆಯಲಿಲ್ಲ.
ತಮ್ಮ ಉಗುರನ್ನೇ ನೋಡಿಕೊಂಡರು ಸ್ವಲ್ಪ ಹೊತ್ತು.

ಅಂಕ ತಿದ್ದಲಿಲ್ಲ.

ಮನೆಗೆ ಬರುವಾಗ ಟ್ರಾಮಿನಲ್ಲಿ, ಮಡಿಲ ಪೆಟ್ಟಿಗೆಯೊಳಗೆ
ಅದು ಮುಂದಕ್ಕೆ ಬಾಗಿ ನಿಂತಿತ್ತು.
ಬಾಗಿಲು ತೆರೆದಾಗಲೆಲ್ಲ ಗಾಳಿ ಬಂತು,
ಹಾರಲಿಲ್ಲ.